ಜನವರಿ 7ರ ಕ್ರಿಸ್‌ಮಸ್ಸು ಮತ್ತು ಇಂಗ್ಲಿಷ್ ಕ್ಲಾಸು

ನಮ್ಮ ಬಳಗದ ಸಂಚಿಕೆಗೆ ಪ್ರತಿ ವರ್ಷ ಯಾರಾದರೂ ಊರಿನ ನೆನಪು ಬರೀತಾರೆ, ಯಾರಾದರೂ ಕವಿತೆ ಬರೀತಾರೆ. ನನಗೆ ಕವಿತೆ ಬರಲ್ಲ. ನಾನು ರಾಣೆಬೆನ್ನೂರು ಕಡೆಯವನು. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ದುಬೈಗೆ ಬಂದು ಹನ್ನೊಂದು ವರ್ಷ ಆಯಿತು. ಇತಿಹಾಸ ಓದಿದವನೂ ಅಲ್ಲ. ಆದರೆ ಹೋದ ಡಿಸೆಂಬರಿನಲ್ಲಿ ನಮ್ಮ ಇಂಗ್ಲಿಷ್ ಕ್ಲಾಸಿನಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ನೂರು ವರ್ಷ ಹಿಂದಿನ ಅಮೆರಿಕದ ಕಥೆಯೊಂದು ಕೈಗೆ ಸಿಕ್ಕಿತು. ನಮ್ಮಂಥ ದುಡಿಯೋ ಜನರದ್ದೇ ಕಥೆ. ಅದಕ್ಕೇ ಬರೀತಿದ್ದೇನೆ.

ನಮ್ಮ ಕ್ಯಾಂಪಿನ ಮೆಸ್ ಹಾಲಿನಲ್ಲಿ ಭಾನುವಾರ ಸಂಜೆ ಕ್ಲಾಸು. ಕಲಿಸುವವರು ಫಿಲಿಪೀನ್ಸಿನ ಒಬ್ಬರು ಮೇಡಂ. ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ ಮಾಡ್ತಾರೆ, ತಮ್ಮ ರಜೆಯ ದಿನ ನಮಗಾಗಿ ಬರ್ತಾರೆ, ಒಂದು ಕಾಸೂ ತಗೊಳ್ಳಲ್ಲ. ಸಾಮಾನ್ಯವಾಗಿ ಪಾಠ ಕೆಲಸದ್ದೇ. ವರ್ಕ್ ಪರ್ಮಿಟ್ ಓದೋದು, ಬ್ರೇಕರ್ ಆಫ್ ಮಾಡಿ ಬೀಗ ಹಾಕಿ ಟ್ಯಾಗ್ ಕಟ್ಟಿದ್ದೇನೆ ಅಂತ ಸೂಪರ್‌ವೈಸರಿಗೆ ಹೇಳೋದು, ಡಾಕ್ಟರಿಗೆ ಎಲ್ಲಿ ನೋವು ಅಂತ ತಿಳಿಸೋದು. ಆವತ್ತು ಮಾತ್ರ ಮೇಡಂ, "ಪುಸ್ತಕ ಮುಚ್ಚಿ. ನಿಮ್ಮೂರಿನ ಒಂದು ಹಬ್ಬದ ಬಗ್ಗೆ ಒಬ್ಬೊಬ್ಬರೂ ಐದು ವಾಕ್ಯ ಹೇಳಿ" ಅಂದರು.

ನೇಪಾಳದ ಹುಡುಗ ದಶೈನ್ ಬಗ್ಗೆ ಹೇಳಿದ, ಹಿರಿಯರು ಹಣೆಗೆ ಅಕ್ಕಿ ಮೊಸರಿನ ಟೀಕಾ ಇಡೋದನ್ನು ಕೈಯಲ್ಲಿ ಮಾಡಿ ತೋರಿಸಿದ. ಪೆಶಾವರದ ಚಾಚಾ ಈದ್ ಬಗ್ಗೆ ಐದು ಹೇಳಲು ಹೋಗಿ ಹದಿನೈದು ಹೇಳಿದರು. ನಾನು ಕಾರ ಹುಣ್ಣಿಮೆ ಹಿಡಿದೆ. ಎತ್ತಿಗೆ ಬಣ್ಣ ಹಚ್ಚೋತನಕ ಇಂಗ್ಲಿಷ್ ಸರಾಗ ಬಂತು. "ಕರಿ ಹರಿಯೋದು" ಅನ್ನೋದಕ್ಕೆ ಮಾತು ಸಿಗದೆ, ಎತ್ತು ಓಡುತ್ತೆ, ಹಗ್ಗ ಹರಿಯುತ್ತೆ, ಗೆದ್ದ ಎತ್ತಿನ ಬಣ್ಣ ನೋಡಿ ಯಾವ ಬೆಳೆ ಚೆನ್ನಾಗಿ ಬರುತ್ತೆ ಅಂತ ಹೇಳ್ತಾರೆ ಅಂತ ಮುಗಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಈಜಿಪ್ಟಿನ ಪ್ಲಂಬರ್ ಎದ್ದ. ಅವನು ಕಾಪ್ಟಿಕ್ ಕ್ರೈಸ್ತ. ಮೊದಲನೇ ವಾಕ್ಯವೇ, "ನನ್ನ ಕ್ರಿಸ್‌ಮಸ್ ಜನವರಿ 7."

ಹಾಲಿನಲ್ಲಿ ನಗು. "ಡೇಟ್ ತಪ್ಪಾಯ್ತು ಭಾಯಿ, ಡಿಸೆಂಬರ್ 25" ಅಂತ ಯಾರೋ ತಿದ್ದಿದರು. ಯಾರೋ ಏನು, ನಾನೇ. ಅವನು ಉಳಿದ ನಾಲ್ಕು ವಾಕ್ಯ ಹೇಳದೆ ಕೂತುಬಿಟ್ಟ. ಮಾರನೇ ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ತಾನಾಗಿಯೇ ಹೇಳಿದ: ತಮ್ಮವರು ಹಬ್ಬಕ್ಕೆ ಮುಂಚೆ 43 ದಿನ ಮಾಂಸ, ಹಾಲು, ಮೊಟ್ಟೆ ಬಿಡ್ತಾರೆ, 6ನೇ ತಾರೀಕು ರಾತ್ರಿ ಪೂಜೆ ಮುಗಿದ ಮೇಲೆ ಉಪವಾಸ ಬಿಡ್ತಾರೆ ಅಂತ. ನನಗೆ ನಾಚಿಕೆ ಆಯಿತು. ಆವತ್ತು ರಾತ್ರಿ ಫೋನಿನಲ್ಲಿ ಜನವರಿ 7 ಅಂತ ಹುಡುಕುತ್ತಾ ಹೋದವನು ಡೆಟ್ರಾಯಿಟ್ ತಲುಪಿದೆ.

ಮೊದಲು ತಾರೀಕಿನ ಲೆಕ್ಕ ಹೇಳಿಬಿಡ್ತೀನಿ. ರೋಮಿನ ಜೂಲಿಯಸ್ ಸೀಸರ್ ಕಾಲದಿಂದ ಬಂದ ಪಂಚಾಂಗ ಒಂದು. 1582ರಲ್ಲಿ ಪೋಪ್ ಗ್ರೆಗರಿ ಅದನ್ನು ತಿದ್ದಿಸಿದರು. ಕೆಲವು ದೇಶ ಬೇಗ ಒಪ್ಪಿದವು, ಕೆಲವು ಒಪ್ಪಲಿಲ್ಲ. ರಷ್ಯಾ ಸರ್ಕಾರ ಹೊಸ ಲೆಕ್ಕಕ್ಕೆ ಬಂದದ್ದು 1918ರಲ್ಲಿ, ಗ್ರೀಸ್ 1923ರಲ್ಲಿ. ಎರಡು ಲೆಕ್ಕಕ್ಕೂ ಈಗ 13 ದಿನದ ಅಂತರ. ಅಂದರೆ ಹಳೇ ಲೆಕ್ಕದ ಡಿಸೆಂಬರ್ 25 ಬರೋದು ಹೊಸ ಲೆಕ್ಕದ ಜನವರಿ 7ಕ್ಕೆ. ಅವರು ಹಬ್ಬವನ್ನು ಮುಂದಕ್ಕೆ ಹಾಕಿಲ್ಲ. ಅವರ ಪಂಚಾಂಗದಲ್ಲಿ ಅದು ಸರಿಯಾದ ದಿನವೇ.

ಇನ್ನು ಡೆಟ್ರಾಯಿಟ್. 1914ರ ಜನವರಿ 5ರಂದು ಹೆನ್ರಿ ಫೋರ್ಡ್ ಕಂಪನಿ ದಿನಕ್ಕೆ ಐದು ಡಾಲರ್ ಕೊಡ್ತೀವಿ, ಎಂಟೇ ಗಂಟೆ ಕೆಲಸ ಅಂತ ಸಾರಿತು. ಆ ಕಾಲಕ್ಕೆ ಅದು ಹಿಂದಿನ ಕೂಲಿಯ ಸುಮಾರು ಎರಡು ಪಟ್ಟು. (ಈ ಫೋರ್ಡ್ ಕಾರು ಮಾಡೋಕೆ ಮೊದಲು ಡೆಟ್ರಾಯಿಟ್‌ನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ನಮ್ಮ ಲೈನಿನವರೇ ಅಂತ ಓದುವಾಗ ಖುಷಿಯಾಗಿತ್ತು. ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ.) ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆ ಗೇಟಿನ ಮುಂದೆ ಕೆಲಸ ಕೇಳಿಕೊಂಡು ಸಾವಿರ ಸಾವಿರ ಜನ ನಿಂತರು. ಆ ಮೈ ಕೊರೆಯೋ ಚಳಿಯಲ್ಲಿ ಬೆಂಕಿ ಆರಿಸೋ ಪೈಪಿನಿಂದ ಅವರ ಮೇಲೆ ನೀರು ಬಿಟ್ಟು ಚದುರಿಸಿದರು.

ಅದೇ ಜನವರಿಯಲ್ಲಿ ಒಳಗಿದ್ದ 800ರಿಂದ 900 ಜನ ಗ್ರೀಕ್ ಮತ್ತು ರಷ್ಯನ್ ಕೆಲಸಗಾರರನ್ನು ಕಂಪನಿ ತೆಗೆದುಹಾಕಿತು. ಮಾಡಿದ ತಪ್ಪು ಏನು? ತಮ್ಮ ಕ್ರಿಸ್‌ಮಸ್ಸಿಗೆ ಕೆಲಸಕ್ಕೆ ಬರಲಿಲ್ಲ. ಅಮೆರಿಕದಲ್ಲಿ ಮನೆ ಮಾಡಿಕೊಂಡು ಇರುವವರು ಅಮೆರಿಕದ ರಜೆಗಳನ್ನೇ ಆಚರಿಸಬೇಕು ಅನ್ನೋದು ಕಂಪನಿಯ ವಾದ. ಹೊಸದಾಗಿ ಸಾಗುವ ಪಟ್ಟಿಯ ಮೇಲೆ ಕಾರು ಜೋಡಿಸಲು ಶುರು ಮಾಡಿದ್ದರು. ಒಂದು ಕಡೆ ಜನ ಕಡಿಮೆಯಾದರೆ ಇಡೀ ಲೈನ್ ನಿಲ್ಲುತ್ತೆ. ಆ ಕಷ್ಟ ನನಗೂ ಅರ್ಥ ಆಗುತ್ತೆ, ನಾನೂ ಶಟ್‌ಡೌನ್ ಕೆಲಸ ಮಾಡಿದವನು. ಆದರೆ ಹಬ್ಬ ಇಂಥ ದಿನ ಬರುತ್ತೆ ಅಂತ ವರ್ಷದ ಮೊದಲೇ ಗೊತ್ತಿರುತ್ತಲ್ಲ?

ಇಲ್ಲಿ ನನ್ನದೊಂದು ಮಾತು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಬಲಿಪಾಡ್ಯಮಿ ದಿನ ಅರ್ಧ ದಿನ ಬಿಡಿ ಅಂತ ನಾವು ಆರು ಜನ ಹದಿನೈದು ದಿನ ಮುಂಚೆಯೇ ಕೇಳಿದ್ದೆವು. ನೋಡೋಣ ಅಂದರು. ಹಬ್ಬದ ಹಿಂದಿನ ರಾತ್ರಿ ಇಲ್ಲ ಅಂದರು. ಹೋಗದೆ ಕೂತಿದ್ದಕ್ಕೆ ಎರಡು ದಿನದ ಸಂಬಳ ಕಟ್. ದುಡ್ಡಿಗಿಂತ ಹೆಚ್ಚು ನೆನಪಿರೋದು, ಟೈಮ್ ಶೀಟಿನಲ್ಲಿ ನಮ್ಮ ಹೆಸರಿನ ಮುಂದೆ ಬರೆದ ಕಾರಣ: "ಸೋಮಾರಿತನ". ಆ ಇಂಗ್ಲಿಷ್ ಪದ ನಾನು ಕಲಿತದ್ದು ಆವತ್ತೇ. ಅದಕ್ಕೇ ಆ ಒಂಬೈನೂರು ಜನರ ವಿಷಯ ಓದಿದಾಗ ಎದೆಗೆ ತಟ್ಟಿತು.

ಫೋರ್ಡ್ ಅಲ್ಲಿಗೇ ಬಿಡಲಿಲ್ಲ. ಕಾರ್ಖಾನೆಯಲ್ಲಿ ನೂರಕ್ಕೆ ಸುಮಾರು 70 ಜನ ಹೊರದೇಶದಲ್ಲಿ ಹುಟ್ಟಿದವರು. ಪೋಲಿಷ್, ರಷ್ಯನ್, ರುಮೇನಿಯನ್, ಇಟಾಲಿಯನ್, ಹಂಗೇರಿಯನ್ ಹೀಗೆ. ಫೋರ್‌ಮನ್ ಹೇಳಿದ್ದು ಇವರಿಗೆ ತಿಳಿಯದು, ಇವರು ಹೇಳಿದ್ದು ಅವನಿಗೆ ತಿಳಿಯದು. ಹಾಗಾಗಿ 1914ರಲ್ಲೇ ಫೋರ್ಡ್ ಇಂಗ್ಲಿಷ್ ಶಾಲೆ ಶುರುವಾಯಿತು. ವೈಎಂಸಿಎಯ ಪೀಟರ್ ರಾಬರ್ಟ್ಸ್ ಅನ್ನುವವರು ಮಾಡಿದ ಪಾಠಕ್ರಮ. ಬೆಳಿಗ್ಗೆ ಏಳೋದು, ಅಂಗಡಿಗೆ ಹೋಗೋದು, ಕೆಲಸ ಮಾಡೋದು ಇವನ್ನು ಅಭಿನಯ ಮಾಡಿ ತೋರಿಸುತ್ತಾ ಕಲಿಸೋ ಪದ್ಧತಿ. ನಮ್ಮ ಮೇಡಂ ಕೂಡ ಹಾಗೇ ಕಲಿಸೋದು, ಒಳ್ಳೇ ಪದ್ಧತಿಯೇ. ಮೇಷ್ಟ್ರುಗಳು ಅದೇ ಕಾರ್ಖಾನೆಯವರು. ಕ್ಲಾಸು ಶಿಫ್ಟಿನ ಮುಂಚೆ ಅಥವಾ ಆಮೇಲೆ, ಅಂದರೆ ಕೆಲಸಗಾರನ ಸ್ವಂತ ಸಮಯದಲ್ಲಿ. ಆದರೆ ಇಷ್ಟ ಇದ್ದರೆ ಬಾ ಅನ್ನೋ ಹಾಗಿರಲಿಲ್ಲ. ಬರಲ್ಲ ಅಂದವನ ಕೆಲಸಕ್ಕೇ ಕುತ್ತು.

ಐದು ಡಾಲರ್ ಕೂಡ ಎಲ್ಲರಿಗೂ ಸುಮ್ಮನೆ ಸಿಗುತ್ತಿರಲಿಲ್ಲ. ಅದರಲ್ಲಿ ಸುಮಾರು ಅರ್ಧ ಕೂಲಿ, ಉಳಿದದ್ದು ಲಾಭದ ಪಾಲು. ಪಾಲು ಬೇಕಾದರೆ ಕಂಪನಿಯ ತನಿಖೆಯವರು ಮನೆಗೆ ಬಂದು ನೋಡಿ ಒಪ್ಪಬೇಕು. ಮನೆ ಚೊಕ್ಕಟವಾಗಿದೆಯಾ, ಕುಡೀತಾನಾ, ಉಳಿತಾಯ ಎಷ್ಟು, ಮನೇಲಿ ಬಾಡಿಗೆಗೆ ಬೇರೆ ಜನರನ್ನು ಇಟ್ಟುಕೊಂಡಿದ್ದಾನಾ ಅಂತೆಲ್ಲ. ನಮ್ಮ ಬೆಡ್‌ಸ್ಪೇಸ್ ನೋಡಿದ್ದರೆ ಏನು ಬರೀತಿದ್ದರೋ.

ಪಾಠಗಳೂ ಹಾಗೇ. ಇದೇ ಕಾಲದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಅನ್ನೋ ಇನ್ನೊಂದು ದೊಡ್ಡ ಕಂಪನಿ ಪೋಲಿಷ್ ಕೂಲಿಗಳಿಗೆ ಮಾಡಿಸಿದ ಇಂಗ್ಲಿಷಿನ ಮೊದಲ ಪಾಠ ಇರೋದು ಸೀಟಿಯ ಬಗ್ಗೆ. ಸೀಟಿ ಕೇಳಿತು, ಬೇಗ ಹೋಗಬೇಕು, ಗೇಟಿನ ಬೋರ್ಡಿನಿಂದ ಬಿಲ್ಲೆ ತೆಗೆದು ವಿಭಾಗದ ಬೋರ್ಡಿಗೆ ಹಾಕಬೇಕು, ಬಟ್ಟೆ ಬದಲಿಸಬೇಕು, ಸೀಟಿ ಆಗೋ ತನಕ ಊಟ ಮುಟ್ಟಬಾರದು. ಊಟದ ಡಬ್ಬಿಯಲ್ಲಿ ಏನಿದೆ ಅಂತ ಹೇಳೋಕೆ ಬೇಕಾದ ಪದ ಆ ಪಾಠದಲ್ಲಿಲ್ಲ.

ಈಗ ಹೇಳೋದು ಆ ಶಾಲೆಯ ದೊಡ್ಡ ಹಬ್ಬದ ವಿಷಯ. ಕೋರ್ಸ್ ಮುಗಿಸಿದವರಿಗೆ ಸರ್ಟಿಫಿಕೇಟ್ ಕೊಡೋ ಸಮಾರಂಭ. ವೇದಿಕೆಯ ಹಿಂದೆ ಹಡಗಿನ ಚಿತ್ರ. ಮುಂದೆ ಒಂದು ಭಾರೀ ಕೊಪ್ಪರಿಗೆ, ಅದರ ಮೇಲೆ ಶಾಲೆಯ ಹೆಸರು ಮತ್ತು "ಮೆಲ್ಟಿಂಗ್ ಪಾಟ್", ಅಂದರೆ ಕರಗಿಸೋ ಪಾತ್ರೆ, ಅಂತ ಬರಹ. (ಆ ಮಾತು ಜನಪ್ರಿಯವಾಗಿದ್ದು 1908ರಲ್ಲಿ ಇಸ್ರೇಲ್ ಝಾಂಗ್‌ವಿಲ್ ಬರೆದ ಅದೇ ಹೆಸರಿನ ನಾಟಕದಿಂದ.) ಕೆಲಸಗಾರರು ತಮ್ಮ ಊರಿನ ಬಟ್ಟೆ ಹಾಕಿಕೊಂಡು, ಗಂಟುಮೂಟೆ ಹೊತ್ತು, ಹಡಗಿನ ಏಣಿ ಇಳಿದು ಸಾಲಾಗಿ ಕೊಪ್ಪರಿಗೆಯ ಒಳಗೆ ಹೋಗ್ತಾರೆ. ಮೇಷ್ಟ್ರುಗಳು ಉದ್ದುದ್ದ ಸೌಟು ಹಿಡಿದು ತಿರುವ್ತಾರೆ. ಸ್ವಲ್ಪ ಹೊತ್ತಿಗೆ ಅದೇ ಜನ ಅಮೆರಿಕದ ಸೂಟು ಹಾಕಿಕೊಂಡು, ಕೈಯಲ್ಲಿ ಅಮೆರಿಕದ ಬಾವುಟ ಆಡಿಸುತ್ತಾ ಹೊರಗೆ ಬರ್ತಾರೆ. ಜನರಿಂದ ಚಪ್ಪಾಳೆ.

ಮೊದಲ ಸಲ ಓದಿದಾಗ ನಗು ಬಂತು. ಎರಡನೇ ಸಲ ಬರಲಿಲ್ಲ. ತವರ ಮತ್ತು ಸೀಸ ಕೂಡಿಸಿ ಸೋಲ್ಡರ್ ಮಾಡಿದ ಮೇಲೆ ಎಷ್ಟು ಕಾಸಿದರೂ ಅದು ಸೋಲ್ಡರೇ, ನಮ್ಮ ಬೆಂಚಿನ ಮೇಲೆ ತವರ ಬೇರೆ ಸೀಸ ಬೇರೆ ಆಗಲ್ಲ. ಮನುಷ್ಯರನ್ನೂ ಹಾಗೆ ಮಾಡಬಹುದು ಅಂತ ಅವರು ನಿಜವಾಗಿ ನಂಬಿದ್ದರು. ಒಬ್ಬನ ಊರಿನ ಹಬ್ಬದ ಬಟ್ಟೆಯನ್ನು ಬಿಚ್ಚಿ ಎಸೆಯೋ ಕೊಳೆ ಬಟ್ಟೆಯ ಹಾಗೆ ತೋರಿಸಿ, ಅದನ್ನೇ ಒಂದು ಹಬ್ಬ ಮಾಡಿದರು.

ಆದರೂ ಕೊಪ್ಪರಿಗೆಗೆ ಇಳಿದವರನ್ನು ಪೆದ್ದರು ಅನ್ನೋಕೆ ನನಗೆ ಮನಸ್ಸಿಲ್ಲ. 1915ರಿಂದ 1920ರೊಳಗೆ ಸುಮಾರು 16,000 ಜನ ಆ ಶಾಲೆಯಲ್ಲಿ ಪಾಸಾದರು. ಆ ಸರ್ಟಿಫಿಕೇಟ್ ಇದ್ದರೆ ಪೌರತ್ವದ ಮೊದಲ ಕಾಗದಕ್ಕೆ ದಾರಿ ಸುಲಭ ಆಗುತ್ತಿತ್ತು. ಅಪಾಯದ ಬೋರ್ಡ್ ಓದೋಕೆ ಬಂದರೆ ಕೈ ಬೆರಳು ಉಳಿಯುತ್ತೆ. ಸಂಬಳದ ಚೀಟಿ ಓದೋಕೆ ಬಂದರೆ ಮೋಸ ಗೊತ್ತಾಗುತ್ತೆ. ಇಷ್ಟಕ್ಕೆ ಒಂದು ದಿನ ಸೂಟು ಹಾಕಿಕೊಂಡು ಬಾವುಟ ಆಡಿಸು ಅಂದರೆ ನಾನೂ ಆಡಿಸ್ತಿದ್ದೆನೇನೋ. ಮನೆಗೆ ಹೋಗಿ ಹಳೇ ಪಂಚಾಂಗ ನೋಡ್ತಿದ್ದೆ.

ಆಮೇಲೆ ಮೊದಲ ಮಹಾಯುದ್ಧ ಬಂದು ಪರಿಸ್ಥಿತಿ ಇನ್ನೂ ಬಿಗಿಯಾಯಿತು. 1918ರ ಮೇ ತಿಂಗಳಲ್ಲಿ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್, ಶಾಲೆಯಲ್ಲಿ, ರೈಲಿನಲ್ಲಿ, ಸಾರ್ವಜನಿಕ ಜಾಗದಲ್ಲಿ, ಕೊನೆಗೆ ಟೆಲಿಫೋನಿನಲ್ಲೂ ಇಂಗ್ಲಿಷೇ ಆಡಬೇಕು ಅಂತ ಘೋಷಣೆ ಹೊರಡಿಸಿದರು. ಭಾನುವಾರ ಅವ್ವನಿಗೆ ಫೋನ್ ಹಚ್ಚಿ ಇಂಗ್ಲಿಷಿನಲ್ಲಿ "ಊಟ ಆಯ್ತಾ" ಅಂತ ಕೇಳೋದನ್ನು ಊಹಿಸಿಕೊಳ್ಳಿ. ಫೋರ್ಡ್ ಶಾಲೆ 1920ರ ದಶಕದ ಆರಂಭದಲ್ಲಿ ಮುಚ್ಚಿತು.

ಎಲ್ಲರೂ ತಲೆಬಗ್ಗಿಸಿ ಒಪ್ಪಿಕೊಂಡರು ಅಂದುಕೊಳ್ಳಬೇಡಿ. ಫೋರ್ಡ್ ಶಾಲೆಗಿಂತ ಮುಂಚೆಯೇ ನ್ಯೂಯಾರ್ಕಿನಲ್ಲಿ ಒಂದು ಗಲಾಟೆ ಆಗಿತ್ತು. ಅಲ್ಲಿ ರಷ್ಯಾ, ಪೋಲೆಂಡ್ ಕಡೆಯಿಂದ ಬಂದ ಯಹೂದಿ ಬಡವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದರು. ಕೆಲವು ಶಾಲೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಅವರೇ. ಆದರೆ ಡಿಸೆಂಬರ್ ಬಂತೆಂದರೆ ಕ್ರಿಸ್ತನ ಹಾಡು, ಕ್ರಿಸ್ತನ ಪ್ರಬಂಧ. 1905ರಲ್ಲಿ ಬ್ರೂಕ್ಲಿನ್‌ನ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಅಂಥ ಮಕ್ಕಳ ಮುಂದೆ, ನೀವು ಕ್ರಿಸ್ತನ ಹಾಗೆ ಆಗಬೇಕು ಅಂತ ಉಪದೇಶ ಮಾಡಿದರು. ಅಪ್ಪ ಅಮ್ಮಂದಿರು ದೂರು ಕೊಟ್ಟರು, ಹೆಚ್ಚೇನೂ ಆಗಲಿಲ್ಲ. ಮರುವರ್ಷ ಯಿಡ್ಡಿಷ್ ಪತ್ರಿಕೆಗಳು ಕರೆ ಕೊಟ್ಟವು. 1906ರ ಡಿಸೆಂಬರ್ 24ರಂದು, ಶಾಲೆಯಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮದ ದಿನ, ಸಾವಿರಾರು ಮಕ್ಕಳು ಮನೆಯಲ್ಲೇ ಉಳಿದರು. ಇಂಗ್ಲಿಷೇ ಸರಿಯಾಗಿ ಬರದ, ಬಟ್ಟೆ ಹೊಲಿದು ಹೊಟ್ಟೆ ಹೊರೆಯೋ ಜನ ಇದನ್ನು ಮಾಡಿದ್ದು. ಆಮೇಲೆ ಶಾಲಾ ಮಂಡಳಿ ಧರ್ಮದ ಹಾಡುಗಳಿಗೆ ಕಡಿವಾಣ ಹಾಕಿತು. ಅದಕ್ಕೂ ಬೇರೆಯವರಿಂದ ವಿರೋಧ ಬಂತು, ಆ ಜಗಳ ದೊಡ್ಡದು.

ಅವರು ನಮಗೆ ಇಂಗ್ಲಿಷ್ ಬೇಡ ಅನ್ನಲಿಲ್ಲ ಅನ್ನೋದನ್ನು ಗಮನಿಸಿ. ಮಕ್ಕಳು ರಜೆ ಮುಗಿದ ಮೇಲೆ ಅದೇ ಶಾಲೆಗೆ ಹೋದರು, ಅದೇ ಇಂಗ್ಲಿಷ್ ಕಲಿತರು.

ಷಿಕಾಗೋದಲ್ಲಿ ಇನ್ನೊಂದು ತರಹ ನಡೆದಿತ್ತು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅನ್ನೋ ಇಬ್ಬರು ಹೆಣ್ಣುಮಕ್ಕಳು ಕೂಲಿಗಳ ಕೇರಿಯ ಮಧ್ಯೆ ಹಲ್ ಹೌಸ್ ಅನ್ನೋ ಮನೆ ತೆರೆದರು. ಸುತ್ತಮುತ್ತ ಇಟಾಲಿಯನ್ನರು, ಗ್ರೀಕರು, ಯಹೂದಿಗಳು, ಜರ್ಮನ್ನರು, ಐರಿಷರು. ಸಂಜೆ ಇಂಗ್ಲಿಷ್ ಕ್ಲಾಸು, ಹೊಲಿಗೆ, ಅಡುಗೆ, ನಾಟಕ ಎಲ್ಲ ಇತ್ತು. ಮೊದಲ ಕ್ರಿಸ್‌ಮಸ್ಸಿಗೆ ಮಕ್ಕಳಿಗೆ ಮಿಠಾಯಿ ಹಂಚಿದರಂತೆ. ಕೆಲವು ಸಣ್ಣ ಹುಡುಗಿಯರು ಬೇಡ ಅಂದರು. ಯಾಕಮ್ಮ ಅಂದರೆ, ಅವರು ಮಿಠಾಯಿ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವರು. ಹಬ್ಬದ ಮುಂಚೆ ಆರು ವಾರ ಬೆಳಿಗ್ಗೆ 7ರಿಂದ ರಾತ್ರಿ 9ರ ತನಕ ದುಡಿದು ಮಿಠಾಯಿ ಕಂಡರೇ ಆಗದ ಹಾಗಾಗಿತ್ತು. ಇದನ್ನು ಆಡಮ್ಸ್ ಅವರೇ ಬರೆದಿದ್ದಾರೆ, ಮಕ್ಕಳ ದುಡಿಮೆಯ ಬಗ್ಗೆ ತಮಗೆ ಆಗ ಏನೂ ಗೊತ್ತಿರಲಿಲ್ಲ ಅಂತಲೂ ಒಪ್ಪಿಕೊಂಡಿದ್ದಾರೆ. ಮಾಲ್‌ಗಳಲ್ಲಿ ಹಬ್ಬದ ಲೈಟಿನ ಸರ ಎಳೆಯೋ ಕೆಲಸ ಮಾಡಿದವರಿಗೆ ಆ ಹುಡುಗಿಯರ ಮಾತು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಶಿಫ್ಟಿನಲ್ಲಿ ಹತ್ತು ದಿನ ನಕ್ಷತ್ರ ಕಟ್ಟಿದ ಮೇಲೆ ನಕ್ಷತ್ರ ನೋಡೋಕೆ ಯಾರು ಹೋಗ್ತಾರೆ.

ಹಿಲ್ಡಾ ಸಾಟ್ ಪೋಲೆಂಡಿನಿಂದ ಬಂದ ಯಹೂದಿ ಹುಡುಗಿ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಸಣ್ಣ ವಯಸ್ಸಿಗೇ ಕಾರ್ಖಾನೆ ಸೇರಿದಳು. 1896ರಲ್ಲಿ ಐರಿಷ್ ಗೆಳತಿಯೊಬ್ಬಳು ಹಲ್ ಹೌಸಿನ ಕ್ರಿಸ್‌ಮಸ್ ಪಾರ್ಟಿಗೆ ಬಾ ಅಂತ ಕರೆದಳು. ಇವಳು ಒಲ್ಲೆ ಅಂದಳು. ಬಿಡದೆ ಕಾರಣ ಕೇಳಿದ್ದಕ್ಕೆ ಇವಳ ಬಾಯಿಂದ ತಟ್ಟನೆ ಬಂದ ಮಾತು, ಅಲ್ಲಿಗೆ ಬಂದರೆ ನನ್ನನ್ನು ಕೊಂದುಬಿಟ್ಟಾರು ಅಂತ. ಪೋಲೆಂಡಿನಲ್ಲಿ ಕ್ರಿಸ್‌ಮಸ್ ಅಂದರೆ ಯಹೂದಿಗಳು ಬಾಗಿಲು ಹಾಕಿಕೊಂಡು ಕೂರೋ ದಿನ. ಗೆಳತಿಗೆ ಆಶ್ಚರ್ಯ. ತಾನು ಪ್ರತಿ ವರ್ಷ ಹೋಗ್ತೀನಿ, ಇದುವರೆಗೆ ಯಾರೂ ಸತ್ತಿಲ್ಲ ಅಂದಳು. ಹಿಲ್ಡಾ ಹೋದಳು. ಹತ್ತು ದೇಶದ ಮಕ್ಕಳು, ಅಪ್ಪ ಅಮ್ಮಂದಿರು ಒಂದೇ ಹಾಲಿನಲ್ಲಿ, ನೀನು ಯಾವ ಊರಿನವಳು, ಯಾವ ಧರ್ಮದವಳು ಅಂತ ಕೇಳೋರಿಲ್ಲ. ಮುಂದೆ ಅವಳು ಅಲ್ಲೇ ಇಂಗ್ಲಿಷ್ ಕಲಿತಳು, ಹೊಸದಾಗಿ ಬಂದ ದೊಡ್ಡವರಿಗೆ ಅಲ್ಲೇ ಇಂಗ್ಲಿಷ್ ಕಲಿಸಿದಳು, ಇದನ್ನೆಲ್ಲ ಆತ್ಮಕಥೆಯಲ್ಲಿ ಬರೆದಿಟ್ಟಳು.

ಹಲ್ ಹೌಸಿನವರು ದೇವರೇನಲ್ಲ, ಅಲ್ಲೂ ಪಾರ್ಟಿ ಕ್ರಿಸ್‌ಮಸ್ಸಿನದ್ದೇ. ಆದರೆ ಅವರು ಕೇರಿಯವರ ಕೈಗೂ ವೇದಿಕೆ ಬಿಟ್ಟರು. 1903ರಲ್ಲಿ ಅಲ್ಲಿನ ಗ್ರೀಕ್ ಕೆಲಸಗಾರರು ಸೋಫೋಕ್ಲಿಸ್‌ನ ಏಜಾಕ್ಸ್ ನಾಟಕವನ್ನು ಗ್ರೀಕ್ ಭಾಷೆಯಲ್ಲೇ ಆಡಿದರು. ಹಗಲು ಬೀದಿಯಲ್ಲಿ ಹಣ್ಣು ಮಾರೋನು ಯಾವ ಸಾಹಿತ್ಯದ ವಾರಸುದಾರ ಅಂತ ಷಿಕಾಗೋದ ದೊಡ್ಡ ಮಂದಿ ಕೂತು ನೋಡಿದರು. ಹನ್ನೊಂದು ವರ್ಷದ ನಂತರ ಡೆಟ್ರಾಯಿಟ್‌ನಲ್ಲಿ ಕೆಲಸ ಕಳಕೊಂಡವರಲ್ಲಿ ಇದ್ದದ್ದೂ ಗ್ರೀಕರೇ.

ನಮ್ಮ ಕ್ಲಾಸಿಗೆ ಬರ್ತೀನಿ. ಮುಂದಿನ ಭಾನುವಾರ ಫೋರ್ಡಿನ ಕಥೆಯನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಕೊಪ್ಪರಿಗೆಗೆ ಪದ ಸಿಗದೆ ಮೆಸ್ಸಿನ ಬಿರಿಯಾನಿ ಪಾತ್ರೆ ತೋರಿಸಿದೆ. ಎಲ್ಲರೂ ನಕ್ಕರು, ಈಜಿಪ್ಟಿನ ಗೆಳೆಯನೂ ನಕ್ಕ. ಆಮೇಲೆ ಅವನ ಹತ್ತಿರ ಎಲ್ಲರ ಮುಂದೆ ಕ್ಷಮೆ ಕೇಳಿದೆ. ಅವನು "ಮಾಲೀಶ್" ಅಂದ, ಹೋಗಲಿ ಬಿಡು ಅಂತ ಅದರ ಅರ್ಥ. ಉಳಿದಿದ್ದ ನಾಲ್ಕು ವಾಕ್ಯ ಹೇಳಿದ. ಜನವರಿ 7 ಕೆಲಸದ ದಿನವಾಗಿತ್ತು, ಅವನು ತಿಂಗಳ ಮುಂಚೆಯೇ ವಾರ್ಷಿಕ ರಜೆಯಲ್ಲಿ ಒಂದು ದಿನ ಬರೆಸಿ ಇಟ್ಟಿದ್ದ. ಅವನ ಕೆಲಸವನ್ನು ನಾವು ಇಬ್ಬರು ಹಂಚಿಕೊಂಡೆವು. ಪ್ಲಂಬಿಂಗ್ ಎಲೆಕ್ಟ್ರಿಷಿಯನ್ನಿಗೆ ಬರಲ್ಲ ಅಂತ ಆವತ್ತು ಇಡೀ ಸೈಟಿಗೆ ಗೊತ್ತಾಯಿತು.

ಈಗ ಮೇಡಂ ಮೆಸ್ ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದಾರೆ. ಹಬ್ಬದ ಹೆಸರು, ತಾರೀಕು, ಒಂದು ತಿಂಡಿ, ಒಂದು ವಾಕ್ಯ. ಅವರವರ ಹಬ್ಬ ಅವರವರೇ ಬರೀಬೇಕು. ನಾನು ಯುಗಾದಿ ಬರೆದೆ, ಬೇವು ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ಹೊಂದಿಸಿದೆ. ಅಷ್ಟರಲ್ಲಿ ಮಂಗಳೂರು ಕಡೆಯ ನಮ್ಮ ಎಸಿ ಟೆಕ್ನಿಷಿಯನ್ ಬಂದು ಅದರ ಕೆಳಗೆ ಬಿಸು ಅಂತ ಬರೆದ, ಹೊಸ ವರ್ಷ, ಏಪ್ರಿಲ್ ಮಧ್ಯದ ತಾರೀಕು. ಮೇಡಂ ಎರಡನ್ನೂ ನೋಡಿ, "ನೀವಿಬ್ಬರೂ ಒಂದೇ ರಾಜ್ಯದವರಲ್ವಾ? ಇದರಲ್ಲಿ ಸರಿಯಾದ ತಾರೀಕು ಯಾವುದು?" ಅಂತ ಕೇಳಿದರು.

ನಾನು ಈಜಿಪ್ಟಿನವನ ಮುಖ ನೋಡಿದೆ. ಅವನು ಆಗಲೇ ನಗ್ತಾ ಇದ್ದ.